ಗಿರಾಕಿಯ ಪ್ರಶ್ನೆಯೂ ಲೆಸಿಥಿನ್ನಿನ ಉತ್ತರವೂ

ಲೇಖನಿ ಹಿಡಿಯುವ ಮುನ್ನ ನಾವು ಮುಂಬಯಿಯಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದವರೆಂಬುದನ್ನು ನಮ್ಮ ವಾಚಕರು ಬಲ್ಲರು. ಆ ದಿನಗಳಲ್ಲಿ ಒಮ್ಮೆ ಜೈನ ವೃದ್ಧೆಯೊಬ್ಬರು ನಮ್ಮಲ್ಲಿ ಕೊಂಡ ಬಿಸ್ಕತ್ತಿನ ಪೊಟ್ಟಣವನ್ನು ಕಣ್ಣಿನ ಸಮೀಪಕ್ಕೆ ಹಿಡಿದು, ಅದರ ಮೇಲೆ ಅಚ್ಚಾಗಿದ್ದ ‘ಎಮಲ್ಸಿಫೈಯರ್ 322’ ಎಂಬುದನ್ನು ತೋರಿಸಿ, ಇದು ಮೊಟ್ಟೆಯಿಂದ ತೆಗೆದುದೇ ಎಂದು ಕೇಳಿದರು. “ನನಗೆ ತಿಳಿಯದು ತಾಯಿ, ಧಣಿಗಳನ್ನು ಕೇಳಿ ಹೇಳುತ್ತೇನೆ” ಎಂದನು ನಮ್ಮ ಮಾಣಿ. ನಾವಾದರೋ ಪೊಟ್ಟಣವನ್ನು ನೋಡುವ ಗೋಜಿಗೂ ಹೋಗದೆ, “ಇಲ್ಲವೇ ಇಲ್ಲ, ಶುದ್ಧ ಸಸ್ಯಾಹಾರ” ಎಂದು ಕುಳಿತಲ್ಲಿಂದಲೇ ಕೂಗಿದೆವು. ಆಕೆ ಹೋದ ಮೇಲೆ, ಗಿರಾಕಿಯ ಮುಂದೆ ಅಜ್ಞಾನವನ್ನು ತೋರಿದನೆಂದು ಮಾಣಿಯನ್ನು ಗದರಿಸಿದೆವು. ಅಂದು ಅಜ್ಞಾನಿಗಳು ಯಾರೆಂಬುದು ನಮಗೆ ಹೊಳೆದುದು ಬಹಳ ತಡವಾಗಿ.

322 ಎಂಬುದು ಲೆಸಿಥಿನ್ ಎಂಬ ಪದಾರ್ಥಕ್ಕೆ ಕೊಟ್ಟಿರುವ ಸಂಖ್ಯೆ. ಇದು ಮೇಣದ ಗುಣವುಳ್ಳ, ಹಳದಿ ಇಲ್ಲವೆ ಕಂದು ಬಣ್ಣದ ಒಂದು ಜಿಡ್ಡು. ಪ್ಯಾರಿಸಿನ ಔಷಧಶಾಸ್ತ್ರಜ್ಞ ಥಿಯೋಡೋರ್ ಗೋಬ್ಲಿ 1840ರ ದಶಕದಲ್ಲಿ ಇದನ್ನು ಮೊಟ್ಟೆಯ ಹಳದಿಯಿಂದ ಬೇರ್ಪಡಿಸಿದನು. 1850ರಲ್ಲಿ, ಆ ಹಳದಿಗೆ ಗ್ರೀಕ್ ಭಾಷೆಯಲ್ಲಿರುವ ‘ಲೆಕಿಥೋಸ್’ ಎಂಬ ಹೆಸರಿನಿಂದಲೇ ಇದಕ್ಕೆ ನಾಮಕರಣ ಮಾಡಿದನು. ಆ ವೃದ್ಧೆಯ ಸಂಶಯವು ನಿರಾಧಾರವಾಗಿರಲಿಲ್ಲವೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಇದರ ಕೆಲಸವೇನು? ಒಗ್ಗರಣೆಯ ಎಣ್ಣೆಯು ಸಾರಿನ ಮೇಲೆ ತೇಲುವುದನ್ನು ನಮ್ಮ ಅಡಿಗೆಯವರು ದಿನವೂ ಕಾಣುತ್ತಾರೆ. ಎಷ್ಟು ಕದಡಿದರೂ ಎಣ್ಣೆ ನೀರುಗಳು ಮತ್ತೆ ಬೇರೆಯಾಗುವುವು. ಲೆಸಿಥಿನ್ನಿನ ಅಣುವಿನ ಒಂದು ತುದಿಗೆ ನೀರಿನ ಒಲವು, ಇನ್ನೊಂದಕ್ಕೆ ಎಣ್ಣೆಯ ಒಲವು. ಇದು ಎರಡರ ನಡುವೆ ನಿಂತು, ಎಣ್ಣೆಯ ಸಣ್ಣ ಹನಿಗಳು ಮರಳಿ ಒಂದುಗೂಡದಂತೆ ತಡೆಯುವುದು. ಚಾಕೊಲೇಟಿನಲ್ಲಿ ನೂರು ಗ್ರಾಮಿಗೆ ಅರ್ಧ ಗ್ರಾಮಿನಷ್ಟು ಬೆರೆಸಿದರೂ ಸಾಕು, ಕರಗಿದ ಪಾಕವು ಸಲೀಸಾಗಿ ಹರಿಯುವುದು. ದುಬಾರಿಯಾದ ಕೋಕೋ ಬೆಣ್ಣೆಯೂ ಕಡಿಮೆ ಸಾಕಾಗುವುದು. ಮುಖಕ್ಕೆ ಹಚ್ಚುವ ಲೇಪಗಳಲ್ಲಿಯೂ ಇದುಂಟು. ಬಾಯಿಂದ ಉಣ್ಣಲಾರದ ರೋಗಿಗೆ ರಕ್ತನಾಳದ ಮೂಲಕ ಕೊಡುವ ಕೊಬ್ಬಿನ ದ್ರವವನ್ನು ಸ್ವೀಡನ್ನಿನ ಅರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದನು. ಅದರಲ್ಲಿ ಸೋಯಾ ಎಣ್ಣೆಯನ್ನು ನೀರಿನೊಡನೆ ಕೂಡಿಸಿದುದು ಮೊಟ್ಟೆಯ ಲೆಸಿಥಿನ್ನೇ.

ಆದರೆ ಬಿಸ್ಕತ್ತು ಚಾಕೊಲೇಟುಗಳಿಗೆ ಬೀಳುವ ಲೆಸಿಥಿನ್ ಇಂದು ಬಹುಮಟ್ಟಿಗೆ ಸೋಯಾ ಅವರೆಯದು, ಕೆಲವೆಡೆ ಸೂರ್ಯಕಾಂತಿಯದು. ಹಸಿ ಸೋಯಾ ಎಣ್ಣೆಗೆ ನೀರು ಬೆರೆಸಿದಾಗ ಒಂದು ಬಗೆಯ ಅಂಟು ಬೇರ್ಪಡುವುದು. ಹಿಂದೆ ಅದು ಎಣ್ಣೆ ಗಿರಣಿಯವರಿಗೆ ತಲೆನೋವಾಗಿತ್ತು. 1920ರ ದಶಕದಲ್ಲಿ ಜರ್ಮನಿಯವರು ಅದನ್ನೇ ಒಣಗಿಸಿ ಮಾರಾಟದ ಸರಕನ್ನಾಗಿ ಮಾಡಿದರು.

ಹಾಗಾದರೆ ಮೂಲವನ್ನು ತಿಳಿಯುವ ಬಗೆ ಹೇಗೆ? 322 ಎಂಬ ಸಂಖ್ಯೆಯೊಂದೇ ಅದನ್ನು ಹೇಳದು. ನಮ್ಮ ದೇಶದ ಕಾನೂನಿನಂತೆ ಮೊಟ್ಟೆಯ ಅಂಶವುಳ್ಳ ತಿನಿಸಿನ ಪೊಟ್ಟಣಕ್ಕೆ ಹಸಿರು ಗುರುತನ್ನು ಹಾಕುವಂತಿಲ್ಲ, ಕಂದು ಗುರುತನ್ನೇ ಹಾಕಬೇಕು. ಸೋಯಾ ಇದ್ದರೆ ಅದನ್ನೂ ಪೊಟ್ಟಣದ ಮೇಲೆ ಕಾಣಿಸಬೇಕು. ಏಕೆಂದರೆ ಸೋಯಾ ಕೆಲವರ ಮೈಗೆ ಒಗ್ಗದು. ಇಂತಹವರಿಗೆ ನಮ್ಮ ಒಂದು ಮಾತಿನ ತಪ್ಪು ಬರಿಯ ವ್ರತಭಂಗವಲ್ಲ, ಪ್ರಾಣಸಂಕಟವೂ ಆಗಬಹುದು. ಭರಣಿಯಲ್ಲಿಟ್ಟು ಬಿಡಿಯಾಗಿ ಮಾರುವ ತಿನಿಸುಗಳಿಗೆ ಪೊಟ್ಟಣವೇ ಇಲ್ಲ. ಅಲ್ಲಿ ಬೇಕರಿಯವರನ್ನು ವಿಚಾರಿಸಿ ತಿಳಿದಿರುವುದು ಹೋಟೆಲಿನವರ ಹೊಣೆ.

ಅಂದಿನ ಪೊಟ್ಟಣದ ಮೇಲೆ ಹಸಿರು ಗುರುತಿತ್ತೆಂದು ನಾವು ಸಂಜೆ ಕಂಡೆವು. ಮಾತೇನೋ ನಿಜವಾಯಿತು, ಆದರೆ ಅದು ಅದೃಷ್ಟದಿಂದ, ಅರಿವಿನಿಂದಲ್ಲ. ಬಂಧುಗಳೇ, ಗಿರಾಕಿ ಕೇಳಿದಾಗ ತಿಳಿಯದಿದ್ದರೆ ತಿಳಿಯದೆನ್ನಿರಿ, ಪೊಟ್ಟಣವನ್ನು ತಿರುಗಿಸಿ ಓದಿರಿ, ಬಳಿಕ ಉತ್ತರ ಕೊಡಿರಿ. ಧಣಿಗಳೇ, ಹಾಗೆಂದ ಹುಡುಗನನ್ನು ಗದರಿಸದಿರಿ. ನಮ್ಮ ಆ ಮಾಣಿ ಈಗ ಯಾವ ಊರಿನಲ್ಲಿರುವನೋ ಅರಿಯೆವು. ಈ ಸಾಲುಗಳು ಅವನ ಕಣ್ಣಿಗೆ ಬಿದ್ದರೆ, ಅಂದು ಸರಿಯಾದ ಉತ್ತರವನ್ನು ಕೊಟ್ಟವನು ಅವನೊಬ್ಬನೇ ಎಂದು ನಾವು ಒಪ್ಪಿಕೊಂಡಿರುವುದನ್ನು ಅವನು ತಿಳಿಯಲಿ.