ತಾಯಿ ಅರಿಯುವ ಮುನ್ನವೇ

ಗರ್ಭ ನಿಂತಿತೆಂಬ ಸಂತಸದ ಸುದ್ದಿ ಮನೆಮಂದಿಗೆ ತಿಳಿಯುವ ಹೊತ್ತಿಗೆ ಗರ್ಭದೊಳಗೆ ಒಂದು ಮಹತ್ಕಾರ್ಯ ಬಹುಮಟ್ಟಿಗೆ ಮುಗಿದಿರುತ್ತದೆ. ಅದು ಮಗುವಿನ ಮಿದುಳು ಮತ್ತು ಬೆನ್ನುಹುರಿಗಳಿಗೆ ಮೂಲವಾದ ನರಕೊಳವೆಯ ರಚನೆ.

ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಭಾಗದಲ್ಲಿ ಇರುವುದು ಜೀವಕೋಶಗಳ ಚಪ್ಪಟೆಯಾದ ಒಂದು ಪದರ ಮಾತ್ರ. ಅದನ್ನು ಮಡಚಿ ಕೊಳವೆಯಾಗಿಸುವವು ಮುಖ್ಯವಾಗಿ ಜೀವಕೋಶಗಳೇ. ಮೊದಲು ಅವು ಕಂಬಗಳಂತೆ ಎತ್ತರವಾಗುತ್ತವೆ. ಬಳಿಕ ಇಕ್ಕೆಲದ ಕೋಶಗಳು ನಡುಗೆರೆಯತ್ತ ಸರಿದು ಒಂದರ ಮಧ್ಯೆ ಇನ್ನೊಂದು ಸೇರಿಕೊಳ್ಳುವುದರಿಂದ ಪದರವು ಕಿರಿದಾಗಿ ಉದ್ದವಾಗುತ್ತದೆ. ಕೋಶದ ಮೇಲ್ತುದಿಯಲ್ಲಿ ಆಕ್ಟಿನ್ ಎಂಬ ಸೂಕ್ಷ್ಮ ಎಳೆಗಳಿವೆ. ಮಯೋಸಿನ್ ಎಂಬ ಪ್ರೋಟೀನು ಅವನ್ನು ಜಗ್ಗಿದಾಗ, ದಾರ ಎಳೆದ ಸಂಚಿಯ ಬಾಯಿಯಂತೆ ಆ ತುದಿ ಕಿರಿದಾಗುತ್ತದೆ. ಹೀಗೆ ಅನೇಕ ಕೋಶಗಳು ಬೆಣೆಯ ಆಕಾರ ತಾಳಿದೊಡನೆ ಪದರವು ಬಾಗಿ, ಅದರ ಎರಡೂ ಅಂಚುಗಳು ಮೇಲೆದ್ದು ಪರಸ್ಪರ ಕೂಡುತ್ತವೆ. ಅಂಚಿನ ಕೆಲವು ಕೋಶಗಳು ಬಂಧ ಸಡಿಲಿಸಿಕೊಂಡು ದೂರ ಸಾಗಿ ಮುಖದ ಎಲುಬುಗಳೂ ಕರುಳಿನ ನರಗಳೂ ಆಗುತ್ತವೆ.

ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಕೊಳವೆ ಮುಚ್ಚಬೇಕು. ತಲೆಯ ಕಡೆ ಮುಚ್ಚದಿದ್ದರೆ ಮಿದುಳು ಬೆಳೆಯದು. ಅಂಥ ಶಿಶು ಬದುಕುಳಿಯುವುದಿಲ್ಲ. ಬೆನ್ನಿನ ಕಡೆ ತೆರೆದುಳಿದರೆ ಸ್ಪೈನಾ ಬೈಫಿಡಾ ಎಂಬ ನ್ಯೂನತೆಯುಂಟಾಗಿ, ಕಾಲುಗಳ ಬಲಹೀನತೆ ಹಾಗೂ ಮಲಮೂತ್ರಗಳ ಮೇಲಿನ ಹಿಡಿತದ ಕೊರತೆ ಕಾಣಿಸಿಕೊಳ್ಳಬಹುದು.

ತ್ವರಿತವಾಗಿ ವಿಭಜಿಸುವ ಈ ಕೋಶಗಳಿಗೆ ಫೋಲಿಕ್ ಆಮ್ಲ ಅತ್ಯವಶ್ಯ. ಹಿಂದೆ ಇಂಥ ಶಿಶುವನ್ನು ಪಡೆದಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ಇದನ್ನು ಕೊಟ್ಟಾಗ, ನ್ಯೂನತೆ ಮರುಕಳಿಸುವ ಸಂಭವ ಶೇಕಡಾ 72ರಷ್ಟು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿತು. ಆದುದರಿಂದ ಮಗುವನ್ನು ಬಯಸುವ ಮಹಿಳೆಯು ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಿ, ಗರ್ಭದ ಮೊದಲ 3 ತಿಂಗಳವರೆಗೆ ನಿತ್ಯ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಹಿತಕರ. ಸೊಪ್ಪು, ಹೆಸರುಕಾಳು, ಕಡಲೆಗಳಲ್ಲಿ ಇದರ ನೈಸರ್ಗಿಕ ರೂಪವಿದ್ದರೂ ಹೆಚ್ಚು ಬೇಯಿಸಿದರೆ ನಷ್ಟವಾಗುತ್ತದೆ. ಆಹಾರವು ಮಾತ್ರೆಗೆ ಬದಲಿಯಲ್ಲ. ಹಿಂದೆ ಇಂಥ ಶಿಶು ಜನಿಸಿದ್ದರೆ, ಅಥವಾ ತಾಯಿಗೆ ಮಧುಮೇಹವಿದ್ದರೆ, ಮೂರ್ಛೆರೋಗದ ಔಷಧಿ ನಡೆಯುತ್ತಿದ್ದರೆ, ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಇಷ್ಟಾದರೂ ಎಲ್ಲ ನ್ಯೂನತೆಗಳನ್ನು ತಡೆಯಲಾಗದು. ಅಂಥ ಮಗು ಹುಟ್ಟಿದಾಗ ಗ್ರಹಣವನ್ನು ನೋಡಿದಳೆಂದೋ, ಕಾಲ್ಗುಣವೆಂದೋ ತಾಯಿಯನ್ನು ನಿಂದಿಸುವುದು ಅಜ್ಞಾನವೂ ಹೌದು, ಕ್ರೌರ್ಯವೂ ಹೌದು. ಬಸುರಿಯ ಬಯಕೆಗಳನ್ನು ಅಕ್ಕರೆಯಿಂದ ತೀರಿಸುವ ನಾವು, ಆ ಅಕ್ಕರೆಯನ್ನು ಕೆಲವು ವಾರ ಮುಂಚಿತವಾಗಿಯೇ ಆರಂಭಿಸೋಣ.