ತೊನ್ನು ಕುಷ್ಠವಲ್ಲ

ಕನ್ನಡಿಯೆದುರು ತಲೆ ಬಾಚಿಕೊಳ್ಳುವಾಗ ತುಟಿಯಂಚಿನಲ್ಲಿ ಬಿಳಿಯ ಚುಕ್ಕೆಯೊಂದು ಕಂಡರೆ ಸಾಕು, ಮನೆಯಲ್ಲಿ ಮೌನ ಕವಿಯುತ್ತದೆ. ಮಗಳಾದರಂತೂ ಹೆತ್ತವರು ಮೊದಲು ನೆನೆಯುವುದು ವೈದ್ಯನನ್ನಲ್ಲ, ವರನನ್ನು.

ಈ ಭಯಕ್ಕೆ ಅರ್ಧ ಕಾರಣ ಒಂದು ಹೆಸರು. ಆಯುರ್ವೇದದಲ್ಲಿ ಕುಷ್ಠವೆಂಬುದು ಹಲವು ಚರ್ಮರೋಗಗಳಿಗೆ ಸಲ್ಲುವ ಮಾತು. ತೊನ್ನನ್ನು ‘ಶ್ವೇತಕುಷ್ಠ’ವೆನ್ನುವ ರೂಢಿಯೂ ಬೆಳೆಯಿತು. ಇಂದು ಔಷಧದಿಂದ ಗುಣವಾಗುವ ಕುಷ್ಠವು ರೋಗಾಣುವಿನಿಂದ ಬರುವಂಥದು. ತೊನ್ನಿನಲ್ಲಿ ರೋಗಾಣುವೇ ಇಲ್ಲ. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಶತ್ರುಗಳೆಂದು ಬಗೆದು ನಾಶಮಾಡುತ್ತವೆ. ಮುಟ್ಟಿದರಾಗಲಿ, ಒಂದೇ ಪಂಕ್ತಿಯಲ್ಲಿ ಉಂಡರಾಗಲಿ ಅದು ಅಂಟದು.

ಪರಿಹಾರದ ಹುಡುಕಾಟ ಪುರಾತನವಾದುದು. ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವುದು ನಮ್ಮ ವೈದ್ಯರು ಬಲ್ಲ ಚಿಕಿತ್ಸೆ. ತಾವೇ ಮಾಡಿಕೊಳ್ಳಹೋಗಿ ಚರ್ಮ ಸುಟ್ಟುಕೊಂಡವರೂ ಉಂಟು. ಈಜಿಪ್ಟಿನಲ್ಲಿ ಬೇರೊಂದು ಗಿಡದ ಬೀಜಕ್ಕೆ ಇದೇ ಉಪಯೋಗವಿತ್ತು. 1940ರ ದಶಕದಲ್ಲಿ ಕೈರೋದ ವೈದ್ಯ ಎಲ್ ಮೊಫ್ತಿಯವರು ಅದರ ಸಾರವನ್ನು ಆಧುನಿಕ ಚಿಕಿತ್ಸೆಗೆ ತಂದರು. ಈಗ ಬಿಸಿಲಿನ ಬದಲು 311 ನ್ಯಾನೋಮೀಟರಿನ ಆಸುಪಾಸಿನ ನೇರಳಾತೀತ ಕಿರಣದ ದೀಪಗಳಿವೆ. ರಕ್ತಕಣಗಳ ದಾಳಿಯನ್ನು ತಗ್ಗಿಸುವ ರಕ್ಸೊಲಿಟಿನಿಬ್ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಯಾವುದೂ ವಾರದಲ್ಲಿ ಫಲಿಸದು, ತಿಂಗಳುಗಳೇ ಬೇಕು. ಮುಖಕ್ಕೆ ಬಣ್ಣ ಬೇಗ ಮರಳುತ್ತದೆ, ಬೆರಳ ತುದಿ ಬಹಳ ಸತಾಯಿಸುತ್ತದೆ. ಕೂದಲಿನ ಬುಡದಲ್ಲಿ ಉಳಿದಿದ್ದ ವರ್ಣಕೋಶಗಳು ಚೇತರಿಸಿಕೊಂಡು, ಬಿಳಿಯ ಮಚ್ಚೆಯ ನಡುವೆ ಸಾಸಿವೆಯಷ್ಟು ಕಂದುಬಣ್ಣ ಕಂಡ ದಿನ ಮನೆಗೆಲ್ಲ ಹಬ್ಬ.

ಆ ಚುಕ್ಕೆ ಮೂಡದವರೂ ಉಂಟು. ಅವರಿಗೆ ಪಂಕ್ತಿಯಲ್ಲಿ ಎಲೆ ಹಾಕಲು, ಅವರೊಡನೆ ಸಂಬಂಧ ಬೆಳೆಸಲು ಯಾವ ಔಷಧಕ್ಕೂ ಕಾಯಬೇಕಾಗಿಲ್ಲ.