ನಿನ್ನೆ ‘ಆಗಲಿ’ ಎಂದವರು ಇಂದು ‘ಬೇಡ’ ಎಂದರೆ?

ಸಾಕ್ಷ್ಯಚಿತ್ರ ಎಂದರೆ ನಿಜವಾದ ಜನರ ನಿಜವಾದ ಬದುಕನ್ನು ತೋರಿಸುವ ಚಿತ್ರ. ಕಥಾಚಿತ್ರದಲ್ಲಿ ನಟರು ಅಳುತ್ತಾರೆ, ಶೂಟಿಂಗ್ ಮುಗಿದ ಮೇಲೆ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಸಾಕ್ಷ್ಯಚಿತ್ರದಲ್ಲಿ ಅಳುವವರು ಆ ಮನೆಯವರೇ. ನಾವು ಕ್ಯಾಮೆರಾ ಎತ್ತಿಕೊಂಡು ಹೊರಟ ಮೇಲೂ ಅವರು ಅದೇ ಮನೆಯಲ್ಲಿ, ಅದೇ ನೆರೆಹೊರೆಯವರ ನಡುವೆ ಬದುಕಬೇಕು. ಸಾಕ್ಷ್ಯಚಿತ್ರದ ನೈತಿಕ ಪ್ರಶ್ನೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಕಾಲೇಜಿಗೆ ಮೊಬೈಲ್ ತರುವಂತಿಲ್ಲ, ನಿಜ. ಆದರೆ ರಜೆಯಲ್ಲಿ ನಮ್ಮಲ್ಲಿ ಹಲವರು ಅದೇ ಮೊಬೈಲಿನಲ್ಲಿ ಕಿರುಚಿತ್ರ ಮಾಡುತ್ತೇವೆ. ಶೂಟ್ ಮಾಡುವುದು, ಎಡಿಟ್ ಮಾಡುವುದು ಹೇಗೆಂದು ಯೂಟ್ಯೂಬ್ ಕಲಿಸುತ್ತದೆ. ಯಾವುದನ್ನು ತೋರಿಸಬಾರದು ಎಂದು ಹೇಳಿಕೊಡುವವರು ಕಡಿಮೆ. ಹಾಗಾಗಿ ನಾನು ಓದಿ ತಿಳಿದ ಕೆಲವು ಸಂಗತಿಗಳನ್ನೂ ನಮ್ಮ ಗುಂಪಿಗೆ ಎದುರಾದ ಒಂದು ಇಕ್ಕಟ್ಟನ್ನೂ ಇಲ್ಲಿ ಬರೆದಿದ್ದೇನೆ.

ಇದ್ದದ್ದನ್ನು ತೋರಿಸುವುದೋ, ಬೇಕಾದದ್ದನ್ನು ಮಾಡಿಸುವುದೋ?

ಸಾಕ್ಷ್ಯಚಿತ್ರಗಳ ಚರಿತ್ರೆಯಲ್ಲಿ ಮೊದಲು ಕೇಳಿಬರುವ ಹೆಸರುಗಳಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಒಂದು. ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ತೆರೆಗೆ ತಂದ ಈ ಚಿತ್ರ ಉತ್ತರ ಕೆನಡಾದ ಹಿಮಪ್ರದೇಶದ ಇನ್ಯುಯಿಟ್ ಜನರ ಕುರಿತದ್ದು. ನಾಯಕ ನಾನೂಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಚಿತ್ರದಲ್ಲಿ ಅವನ ಹೆಂಡತಿಯಾಗಿ ಕಾಣಿಸಿಕೊಂಡವಳು ಅವನ ಹೆಂಡತಿಯಲ್ಲ. ಆ ಕಾಲಕ್ಕೆ ಆ ಜನರ ಕೈಗೆ ಬಂದೂಕು ಬಂದಿತ್ತು, ಆದರೂ ಚಿತ್ರಕ್ಕಾಗಿ ಹಳೆಯ ಈಟಿಯಿಂದಲೇ ಬೇಟೆಯಾಡಿಸಲಾಯಿತು. ಹಿಮದ ಮನೆಯೊಳಗೆ ಬೆಳಕು ಸಾಲದ್ದರಿಂದ ಒಂದು ಬದಿ ತೆರೆದಿರುವ ಮನೆಯನ್ನು ಕಟ್ಟಿಸಿ ಒಳಗಿನ ದೃಶ್ಯಗಳನ್ನು ತೆಗೆಯಲಾಯಿತು. ಚಿತ್ರ ಅದ್ಭುತವಾಗಿದೆ. ಆದರೆ ನೋಡಿದ ಲಕ್ಷಾಂತರ ಜನರು ಇವರು ಇನ್ನೂ ಹೀಗೆಯೇ ಬದುಕುತ್ತಿದ್ದಾರೆ ಎಂದು ನಂಬಿದರು.

ಹಾಗಾದರೆ ಮರುಸೃಷ್ಟಿ ಮಾಡುವುದೇ ತಪ್ಪೇ? ಇದಕ್ಕೆ ಎರೋಲ್ ಮಾರಿಸ್ ಅವರ ‘ದಿ ಥಿನ್ ಬ್ಲೂ ಲೈನ್’ (1988) ಒಳ್ಳೆಯ ಉತ್ತರ. ಅಮೆರಿಕದ ಡಲ್ಲಾಸ್ ನಗರದಲ್ಲಿ 1976ರಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ರಾಂಡಲ್ ಡೇಲ್ ಆಡಮ್ಸ್ ಎಂಬವನಿಗೆ ಶಿಕ್ಷೆಯಾಯಿತು. ಮಾರಿಸ್ ಆ ರಾತ್ರಿಯ ಘಟನೆಯನ್ನು ನಟರಿಂದ ಮತ್ತೆ ಮತ್ತೆ ಮಾಡಿಸಿದರು, ಪ್ರತಿ ಸಾಕ್ಷಿ ಹೇಳಿದಂತೆ ಬೇರೆ ಬೇರೆಯಾಗಿ. ಸಾಕ್ಷಿಗಳ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ನೋಡುವವರಿಗೆ ಕಣ್ಣಾರೆ ಗೊತ್ತಾಯಿತು. ಚಿತ್ರ ಬಂದ ಮರುವರ್ಷ ಆಡಮ್ಸ್ ಜೈಲಿನಿಂದ ಹೊರಬಂದ. ಇಲ್ಲಿ ನಟನೆ ಎಂದು ನೋಡುವವರಿಗೆ ತಿಳಿದಿತ್ತು. ನಾನೂಕ್ ಚಿತ್ರದಲ್ಲಿ ತಿಳಿದಿರಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಈ ಕಥೆಗೆ ಇನ್ನೊಂದು ತುದಿಯೂ ಇದೆ. ಬಿಡುಗಡೆಯಾದ ಆಡಮ್ಸ್ ತನ್ನ ಜೀವನಕಥೆಯ ಹಕ್ಕು ಯಾರದ್ದು ಎಂಬ ಪ್ರಶ್ನೆ ಎತ್ತಿ ಮಾರಿಸ್ ಅವರ ಮೇಲೆಯೇ ದಾವೆ ಹೂಡಿದ. ಕೊನೆಗೆ ಅದು ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಉಪಕಾರ ಮಾಡಿದವರಿಗೂ ಇನ್ನೊಬ್ಬರ ಬದುಕಿನ ಕಥೆ ಸ್ವಂತವಾಗುವುದಿಲ್ಲ.

ಒಪ್ಪಿಗೆ ಎಂದರೆ ಬರೀ ಸಹಿಯಲ್ಲ

‘ಬಾರ್ನ್ ಇನ್‌ಟು ಬ್ರಾಥೆಲ್ಸ್’ ಎಂಬ ಚಿತ್ರಕ್ಕೆ 2005ರಲ್ಲಿ ಆಸ್ಕರ್ ಬಂತು. ಕೊಲ್ಕತ್ತಾದ ಸೋನಾಗಾಛಿಯಲ್ಲಿ ಲೈಂಗಿಕ ಕಾರ್ಯಕರ್ತೆಯರ ಮಕ್ಕಳಿಗೆ ಜಾನಾ ಬ್ರಿಸ್ಕಿ ಕ್ಯಾಮೆರಾ ಕೊಟ್ಟು ಫೋಟೋಗ್ರಫಿ ಕಲಿಸಿದರು. ಮಕ್ಕಳು ತೆಗೆದ ಫೋಟೋಗಳನ್ನು ಮಾರಿ ಅವರ ಓದಿಗೆ ಹಣ ಕೂಡಿಸಿದರು. ಉದ್ದೇಶ ಒಳ್ಳೆಯದೇ. ಆದರೂ ಆ ತಾಯಂದಿರ ಪರವಾಗಿ ಕೆಲಸ ಮಾಡುವವರಿಂದ ಟೀಕೆಗಳು ಬಂದವು. ತಾಯಂದಿರು ತಮ್ಮ ಮಕ್ಕಳಿಗಾಗಿ ತಾವೇ ಪಡುವ ಪ್ರಯತ್ನ ಚಿತ್ರದಲ್ಲಿ ಕಾಣುವುದಿಲ್ಲ ಎಂದರು. ಹತ್ತು ಹನ್ನೆರಡು ವರ್ಷದ ಮಗು ‘ಆಗಲಿ’ ಎನ್ನುವಾಗ, ತನ್ನ ಮುಖವೂ ಮನೆಯ ಗುಟ್ಟೂ ಜಗತ್ತಿಗೆಲ್ಲ ತಿಳಿಯುತ್ತದೆ ಎಂಬುದು ಅದಕ್ಕೆ ಅರ್ಥವಾಗಿರುತ್ತದೆಯೇ? ಈ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ದೊಡ್ಡವರ ವಿಷಯದಲ್ಲಿ ಇದು ಸುಲಭವೇ? ಅದೂ ಇಲ್ಲ. ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಗೆಳತಿಯರು ಬೀಡಿ ಕಟ್ಟುವ ಮಹಿಳೆಯರ ಬಗ್ಗೆ ಹತ್ತು ನಿಮಿಷದ ಚಿತ್ರ ಮಾಡಿದೆವು. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ ಇದ್ದಾರೆ, ನಮ್ಮ ತರಗತಿಯಲ್ಲೇ ಅಂಥವರ ಮಕ್ಕಳಿದ್ದಾರೆ. ನಾವು ಮಾಮಿ ಎಂದು ಕರೆಯುವ ಒಬ್ಬರು ಸಂತೋಷದಿಂದ ಒಪ್ಪಿದರು. ಟ್ಯೂಬ್‌ಲೈಟ್ ಆರಿಸಿ ಚಿಮಣಿ ದೀಪ ಇಟ್ಟರೆ ದೃಶ್ಯ ಚೆನ್ನಾಗಿ ಬರುತ್ತದೆ ಎಂದು ನಮ್ಮಲ್ಲೊಬ್ಬಳು ಹೇಳಿದಳು. ಮಾಮಿಯ ಮನೆಗೆ ಕರೆಂಟ್ ಬಂದು ಎಷ್ಟೋ ವರ್ಷವಾಗಿದೆ. ಹಾಗಾಗಿ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು.

ಮಾತಿನ ನಡುವೆ ಮಾಮಿ, ಬ್ರಾಂಚಿನಲ್ಲಿ ಸರಿಯಿಲ್ಲ ಎಂದು ಬೀಡಿ ತೆಗೆದು ಹಾಕಿ ಮಜೂರಿ ಕಡಿಮೆ ಮಾಡುವುದನ್ನು ಹೇಳಿದರು. ಹೇಳುವಾಗ ಅವರ ಗಂಟಲು ಕಟ್ಟಿತು. ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಮನಮುಟ್ಟುವ ಒಂದೂವರೆ ನಿಮಿಷ ಅದು. ಎರಡು ದಿನ ಬಿಟ್ಟು ಅವರೇ ಕರೆಸಿ ಹೇಳಿದರು: “ಮಕ್ಕಳೇ, ಅದೊಂದು ತೆಗೆದುಬಿಡಿ. ನಾಳೆಯೂ ನಾನು ಅದೇ ಬ್ರಾಂಚಿಗೆ ಬೀಡಿ ಕೊಂಡೋಗಬೇಕಲ್ಲ?”

ನಮ್ಮೊಳಗೆ ಚರ್ಚೆ ಶುರುವಾಯಿತು. ಅವರು ಹೇಳಿದ್ದು ಸುಳ್ಳಲ್ಲ, ಇದು ಹೊರಗೆ ಬಂದರೆ ಅವರಂಥ ಎಷ್ಟೋ ಜನರಿಗೆ ಒಳ್ಳೆಯದಾಗಬಹುದು, ಅವರು ಒಪ್ಪಿ ಸಹಿಯನ್ನೂ ಹಾಕಿದ್ದಾರೆ ಎಂದು ಒಬ್ಬಳ ವಾದ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಮುಖ ಮಸುಕು ಮಾಡೋಣ ಎಂದಳು ಇನ್ನೊಬ್ಬಳು. ಆದರೆ ಊರವರಿಗೆ ಗುರುತು ಹಿಡಿಯಲು ಮುಖವೇ ಬೇಕೇ? ಸ್ವರ ಸಾಕು, ಜಗಲಿ ಸಾಕು, ಮಡಿಲಲ್ಲಿರುವ ಮೊರ ಸಾಕು. ಒಳ್ಳೆಯದಾಗುವುದು ಎಲ್ಲರಿಗಾದರೂ ಅದರ ಬೆಲೆ ತೆರುವವರು ಮಾಮಿ ಒಬ್ಬರೇ. ಆ ಬೆಲೆ ತೆರಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕೂ ಅವರದ್ದೇ.

ಆ ಭಾಗವನ್ನು ತೆಗೆದೆವು, ಫೋನಿನಿಂದಲೂ ಅಳಿಸಿದೆವು. ಆದರೆ ವಿಷಯವನ್ನು ಬಿಡಲಿಲ್ಲ. ವಯಸ್ಸಾಗಿ ಬೀಡಿ ಕಟ್ಟುವುದನ್ನು ಪೂರ್ತಿ ನಿಲ್ಲಿಸಿದ ಒಬ್ಬ ಅಜ್ಜಿಯನ್ನು ಹುಡುಕಿ ಅದೇ ಪ್ರಶ್ನೆ ಕೇಳಿದೆವು. ಅವರಿಗೆ ಯಾವ ಬ್ರಾಂಚಿನ ಹಂಗೂ ಇಲ್ಲ, ಧೈರ್ಯವಾಗಿ ಮಾತಾಡಿದರು. ಮಾಮಿಯ ಮಾತಿನಲ್ಲಿದ್ದ ಬಿಸಿ ಅದರಲ್ಲಿ ಇರಲಿಲ್ಲ, ಚಿತ್ರ ಸ್ವಲ್ಪ ಸಪ್ಪೆಯಾಯಿತು. ಆದರೆ ಹೇಳಬೇಕಾದ ಸತ್ಯ ಉಳಿಯಿತು, ಮಾಮಿಯ ಕೆಲಸವೂ ಉಳಿಯಿತು. ಸತ್ಯ ಬೇಕೋ, ವ್ಯಕ್ತಿಯ ಕ್ಷೇಮ ಬೇಕೋ ಎಂಬ ಪ್ರಶ್ನೆ ಬಂದಾಗ, ಅದೇ ಸತ್ಯವನ್ನು ಅಪಾಯವಿಲ್ಲದೆ ಹೇಳಬಲ್ಲ ಬೇರೆಯವರು ಇದ್ದಾರೆಯೇ ಎಂದು ಮೊದಲು ಹುಡುಕಬೇಕು.

ಚಿತ್ರದಿಂದ ಯಾರಿಗೆ ಏನು ಸಿಕ್ಕಿತು?

ಆನಂದ್ ಪಟವರ್ಧನ್ ಅವರ ‘ಬಾಂಬೆ: ಅವರ್ ಸಿಟಿ’ (1985) ಮುಂಬೈಯ ಕೊಳೆಗೇರಿಗಳನ್ನು ಕೆಡವಿದ ಕುರಿತ ಚಿತ್ರ. ಅದರಲ್ಲಿ ಒಬ್ಬ ಹೆಂಗಸು ಚಿತ್ರ ತೆಗೆಯುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬಡವರ ಚಿತ್ರ ತೆಗೆದು ನೀವು ಹೆಸರು ಮಾಡುತ್ತೀರಿ, ನಮಗೇನು ಮಾಡುತ್ತೀರಿ ಎಂಬುದು ಅವಳ ಮಾತಿನ ಸಾರ. ಪಟವರ್ಧನ್ ಆ ದೃಶ್ಯವನ್ನು ಕತ್ತರಿಸಿ ಹಾಕಬಹುದಿತ್ತು. ಹಾಕಲಿಲ್ಲ. ತಮ್ಮ ಮೇಲೆ ಬಂದ ದೂರನ್ನು ತಮ್ಮ ಚಿತ್ರದಲ್ಲೇ ಉಳಿಸಿಕೊಂಡರು. ಬೇರೆಯವರ ಅಸಹಾಯಕತೆಯನ್ನು ತೋರಿಸುವವರು ತಮ್ಮ ಮೇಲಿನ ಪ್ರಶ್ನೆಯನ್ನೂ ತೋರಿಸಬೇಕು ಎಂಬುದಕ್ಕೆ ಇದು ಮಾದರಿ.

ಇನ್ನು ಕೆಲವು ಕಡೆ ಆಯ್ಕೆಯೇ ಇಲ್ಲ, ಕಾನೂನೇ ಗೆರೆ ಎಳೆದಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಫೋಟೋ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮದಲ್ಲಿ ಬಹಿರಂಗಪಡಿಸಬಾರದು ಎಂದು 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಮಗುವಿನ ಹಿತಕ್ಕಾಗಿ ವಿಶೇಷ ನ್ಯಾಯಾಲಯ ಮಾತ್ರ ಇದಕ್ಕೆ ಅನುಮತಿ ಕೊಡಬಹುದು. ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವ ಮುನ್ನವೂ ಇದು ನೆನಪಿರಲಿ.

ಮುಂದಿನ ರಜೆಯಲ್ಲಿ ಚಿತ್ರ ಮಾಡಬೇಕೆಂದಿರುವ ಗೆಳೆಯ ಗೆಳತಿಯರು ಈ ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ:

1. ಈ ಚಿತ್ರವನ್ನು ಎಲ್ಲಿ, ಯಾರು ನೋಡುತ್ತಾರೆ ಎಂದು ಎದುರಿಗಿರುವವರಿಗೆ ಅವರ ಭಾಷೆಯಲ್ಲಿ ತಿಳಿಸಿದ್ದೇವೆಯೇ?
2. ಎಡಿಟ್ ಆದ ಮೇಲೆ, ಹೊರಗೆ ಬಿಡುವ ಮೊದಲು, ಅವರಿಗೆ ತೋರಿಸಿದ್ದೇವೆಯೇ?
3. ‘ಬೇಡ’ ಎನ್ನಲು ಅವರಿಗೆ ಹೆದರಿಕೆಯಿಲ್ಲದ ಅವಕಾಶ ಇದೆಯೇ?
4. ಚಿತ್ರದಿಂದ ತೊಂದರೆಯಾದರೆ ಅದನ್ನು ಅನುಭವಿಸುವವರು ಯಾರು, ನಾವೋ ಅವರೋ?

ಪತ್ರಿಕೆಯ ಕನ್ನಡದಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತಡೆಹಿಡಿಯುವುದು. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕೊಟ್ಟವರು ಕೇಳಿದಾಗ ಹಿಂದಿರುಗಿಸಬೇಕಾದದ್ದು. ಕ್ಯಾಮೆರಾದ ಮುಂದೆ ಒಬ್ಬರು ಆಡಿದ ಮಾತೂ ಹಾಗೆಯೇ. ಅದು ನಮ್ಮ ಫೋನಿನಲ್ಲಿದೆ ಎಂದ ಮಾತ್ರಕ್ಕೆ ನಮ್ಮದಾಗುವುದಿಲ್ಲ.